ಅಮ್ಮನ ಕ್ಯಾಲ್ಕುಲೇಟರ್‌ಗೆ ಕನ್ನಡದ ಹೊದಿಕೆ

ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ತಿಪಟೂರಿನ ನಮ್ಮ ದಿನಸಿ ಅಂಗಡಿ ಅಮ್ಮನ ಕೈಗೆ ಬಂತು. ಬಾಯಿಲೆಕ್ಕದಲ್ಲಿ ಅಮ್ಮ ಪಕ್ಕಾ. ಆದರೆ ಗಲ್ಲಾಪೆಟ್ಟಿಗೆ ಪಕ್ಕದ ದೊಡ್ಡ ಕ್ಯಾಲ್ಕುಲೇಟರ್ ಅಪ್ಪನದು. ನಾನು ಬೆಂಗಳೂರಲ್ಲಿ ಮೀಟಿಂಗ್‌ನಲ್ಲಿದ್ದಾಗಲೇ ಫೋನ್ ಬರೋದು: "ಪುಟ್ಟ, ಆ ಎಂ ಇರೋ ಕೀಲಿ ಯಾವ್ದೋ?"

ಒಂದಿನ ಮದುವೆಮನೆಯ ಉದ್ದದ ಚೀಟಿ. ಲೆಕ್ಕ ಎಲ್ಲಾ ಹಾಕಿ ಎಂಆರ್‌ಸಿ ಒತ್ತಿದ್ದಾರೆ, ಮೊತ್ತ ಬಂದಿದೆ. ಖಾತ್ರಿಗೆ ಇನ್ನೊಂದು ಸಲ ಒತ್ತಿದ್ದಾರೆ. ಆ ಯಂತ್ರದಲ್ಲಿ ಎರಡನೇ ಸಲ ಒತ್ತಿದರೆ ಮೆಮೊರಿ ಅಳಿಸಿಹೋಗುತ್ತೆ. ಆಮೇಲೆ ಅಮ್ಮ ಕ್ಯಾಲ್ಕುಲೇಟರ್ ಮುಟ್ಟೋದನ್ನೇ ಬಿಟ್ಟರು. "ನಂಗೆ ಪೆನ್ಸಿಲ್ ಸಾಕು" ಅಂದರು. ಅಪ್ಪ ಒಳಗೆ ಮಲಗಿ ಕೇಳಿಸಿಕೊಳ್ತಿದ್ದರು.

1979ರಲ್ಲಿ ಬಂದ ಎಚ್‌ಪಿ-41ಸಿ ಕ್ಯಾಲ್ಕುಲೇಟರ್ ನೆನಪಾಯ್ತು. ಅದರ ಕೀಲಿಗಳಿಗೆ ಬಳಸುವವರೇ ಬೇರೆ ಕೆಲಸ ಕೊಡಬಹುದಿತ್ತು. ಯಾವ ಕೀಲಿಗೆ ಯಾವ ಕೆಲಸ ಅಂತ ಬರೆದಿಟ್ಟುಕೊಳ್ಳೋಕೆ ಕೀಲಿಗಳಿಗೆ ತೂತಿರುವ ತೆಳು ಹೊದಿಕೆ ಮೇಲೆ ಕೂರುತ್ತಿತ್ತು. ಅಂಥದ್ದೇ ಒಂದು ಅಮ್ಮನಿಗೂ ಯಾಕೆ ಬೇಡ?

ಕ್ಯಾಲ್ಕುಲೇಟರನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಇಂಕ್‌ಸ್ಕೇಪ್‌ನಲ್ಲಿ ಅಳತೆಯನ್ನು ಮಿಲಿಮೀಟರ್‌ಗೆ ಇಟ್ಟು, ಆ ಚಿತ್ರದ ಮೇಲೆ ಕೀಲಿಗೊಂದು ಚೌಕ ಬಿಡಿಸಿದೆ. ಮೊದಲ ಪ್ರಿಂಟ್ ದಂಡ. ಕೊನೆಯ ಸಾಲಿನ ಹೊತ್ತಿಗೆ ತೂತು ಮೂರು ಮಿಲಿಮೀಟರ್‌ಗಿಂತ ಹೆಚ್ಚು ಜರುಗಿತ್ತು. ಪ್ರಿಂಟ್ ಸೆಟ್ಟಿಂಗ್‌ನಲ್ಲಿ 'ಫಿಟ್ ಟು ಪೇಜ್' ಹಾಗೇ ಉಳಿದಿತ್ತು, ಅದು ಎಲ್ಲವನ್ನೂ ಕುಗ್ಗಿಸಿತ್ತು. ನೀವು ಮಾಡೋದಾದ್ರೆ ಮೊದಲು 100 ಮಿ.ಮೀ. ಗೆರೆ ಒಂದನ್ನೇ 'ಆಕ್ಚುಯಲ್ ಸೈಜ್'ನಲ್ಲಿ ಪ್ರಿಂಟ್ ಹಾಕಿ, ಸ್ಕೇಲ್ ಇಟ್ಟು ನೋಡಿ. ನನ್ನ ಮೊದಲ ಪ್ರಿಂಟ್‌ನಲ್ಲಿ ಅದು 97 ಬಂದಿರ್ತಿತ್ತು.

ಇನ್ನೊಂದು ತಲೆನೋವು ನಮ್ಮ ಒತ್ತಕ್ಷರ. ಕೀಲಿ ಸಾಲುಗಳ ನಡುವೆ ಇದ್ದದ್ದು ನಾಲ್ಕೇ ಮಿಲಿಮೀಟರ್. ಇಂಗ್ಲಿಷ್ ಅಕ್ಷರ ಅಲ್ಲಿ ಆರಾಮಾಗಿ ಕೂರುತ್ತೆ. 'ಒಟ್ಟು' ಅಂತ ಬರೆದರೆ ಒತ್ತು ಕೆಳಗಿನ ತೂತಿಗೇ ಇಳಿಯುತ್ತೆ. ಅಕ್ಷರ ಸಣ್ಣದು ಮಾಡಿದರೆ ಅಮ್ಮನಿಗೆ ಕಾಣಲ್ಲ. ಕೊನೆಗೆ ಒತ್ತಿರುವ ಪದಗಳನ್ನೆಲ್ಲ ಜಾಗ ಜಾಸ್ತಿ ಇದ್ದ ಅಂಚಿಗೆ ತಳ್ಳಿ ಬಾಣ ಹಾಕಿದೆ.

ಲೇಸರ್ ಪ್ರಿಂಟರ್‌ಗೆ ಹೊಂದುವ ಓಎಚ್‌ಪಿ ಹಾಳೆ ತಂದು, ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಪ್ರಿಂಟ್ ಮಾಡಿಸಿದೆ. ಹಾಳೆ ಮಗುಚಿದರೆ ಅಕ್ಷರ ಸರಿಯಾಗುತ್ತೆ, ಮಸಿ ಕೆಳಗಡೆ ಇರುತ್ತೆ. ಎಣ್ಣೆ ಕೈ ತಾಗಿದರೂ ಉಜ್ಜಿಹೋಗಲ್ಲ. ತೂತು ಕತ್ತರಿಸೋಕೆ ಕಟರ್ ಮತ್ತು ಸ್ಟೀಲ್ ಸ್ಕೇಲ್. ಒಂದು ಭಾನುವಾರ ಪೂರ್ತಿ ಹೋಯ್ತು, ಹೆಬ್ಬೆರಳೂ ಸ್ವಲ್ಪ.

ಎಂ ಪ್ಲಸ್‌ಗೆ 'ಸ್ಮರಣೆಗೆ ಸೇರಿಸು' ಅಂತ ಬರೆದಿದ್ದೆ. ಅಮ್ಮ ನಕ್ಕುಬಿಟ್ಟರು. "ಹಿಂಗೆ ಯಾರೋ ಮಾತಾಡ್ತಾರೆ?" ಅವರೇ ಹೇಳಿದಂತೆ ಈಗ ಅದು 'ಲೆಕ್ಕಕ್ಕೆ ಹಾಕು'. ಎಂ ಮೈನಸ್ 'ಲೆಕ್ಕದಿಂದ ತೆಗಿ'. ಎಂಆರ್‌ಸಿ 'ಮೊತ್ತ ತೋರ್ಸು', ಪಕ್ಕದಲ್ಲಿ ಕೆಂಪಲ್ಲಿ 'ಇನ್ನೊಂದ್ಸಲ ಒತ್ತಿದ್ರೆ ಅಳಿಸೋಗುತ್ತೆ'. ಮೂರು ಸೋಪು 42ರಂತೆ, ಲೆಕ್ಕಕ್ಕೆ ಹಾಕು. ಎರಡು ಬಿಸ್ಕತ್ತು 28ರಂತೆ, ಲೆಕ್ಕಕ್ಕೆ ಹಾಕು. ಮೊತ್ತ ತೋರ್ಸು: 182. ಅಮ್ಮ ಮನಸ್ಸಲ್ಲೇ ಮೊದಲು ಹೇಳಿ, ಆಮೇಲೆ ಯಂತ್ರ ನೋಡಿ ತಲೆ ಆಡಿಸಿದರು.

ಹೊದಿಕೆ ಕೂರಿಸುವಾಗ ಕಂಡಿತು: ಎಂಆರ್‌ಸಿ ಕೀಲಿ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು. ಗುರುತಿಗೆ ಅಂತ ಅವರೇ ಯಾವತ್ತೋ ಅಂಟಿಸಿದ್ದು. ಕೀಳೋಕೆ ಹೋದೆ.

"ಅದಿರ್ಲಿ ಬಿಡೋ" ಅಂದರು.