ಮಂಡಿನೋವಿಗೆ ಬಿಸಿನೀರಿನ ಬುಗ್ಗೆ: ಹೊರಡುವ ಮುನ್ನ ತಿಳಿದಿರಲಿ

ಮಂಡಿನೋವು, ಸೊಂಟನೋವು ಎಂದು ಆಸ್ಪತ್ರೆಗೆ ಬರುವ ಹಿರಿಯರಲ್ಲಿ ಕೆಲವರು ಕೇಳುವುದುಂಟು: "ಪುತ್ತೂರಿನ ಕಡೆ ಬಿಸಿನೀರಿನ ಬುಗ್ಗೆ ಇದೆಯಂತಲ್ಲ, ಅಲ್ಲಿ ಸ್ನಾನ ಮಾಡಿದರೆ ನೋವು ಹೋಗುತ್ತದೆಯೇ?"

ಬುಗ್ಗೆ ಇರುವುದು ನಿಜ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹಾದು ಮಡಿಕೇರಿ, ಸುಳ್ಯ ದಾಟಿ ಹೋಗುವ ಹೆದ್ದಾರಿಯಲ್ಲೇ ಪುತ್ತೂರು ಸಿಗುತ್ತದೆ. ಆ ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಹೊಳೆಯ ದಂಡೆಯಲ್ಲಿ ಬೆಂದ್ರು ತೀರ್ಥವೆಂಬ ಕೊಳವಿದೆ. ತುಳುವಿನಲ್ಲಿ ಬೆಂದ್ರು ಎಂದರೆ ಬಿಸಿನೀರು. ನೀರಿಗೆ ಗಂಧಕದ ವಾಸನೆ. ಸುತ್ತಮುತ್ತ ಕೊಳವೆಬಾವಿಗಳು ಹೆಚ್ಚಿದ ಮೇಲೆ ನೀರೂ ಬಿಸಿಯೂ ತಗ್ಗಿವೆ ಎಂದು ಪತ್ರಿಕೆಗಳಲ್ಲಿ ವರದಿಗಳು ಬಂದಿವೆ. ಆದುದರಿಂದ ವಿಚಾರಿಸದೆ ಅಷ್ಟು ದೂರ ಹೊರಡಬೇಡಿ.

ನೀರು ಬಿಸಿಯಾಗುವುದು ಹೇಗೆ? ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 25ರಿಂದ 30 ಡಿಗ್ರಿ ಶಾಖ ಹೆಚ್ಚುತ್ತದೆ. ಬಂಡೆಗಳ ಬಿರುಕಿನಲ್ಲಿ ಆಳಕ್ಕೆ ಇಳಿದ ಮಳೆನೀರು ಅಲ್ಲಿ ಕಾದು, ಬೇರೊಂದು ಬಿರುಕಿನಿಂದ ಮೇಲೆ ಬರುತ್ತದೆ. ಹಿಮಾಚಲದ ಮಣಿಕರಣ್‌ನಲ್ಲಿ ಈ ನೀರಿನಲ್ಲೇ ಅನ್ನ ಬೇಯಿಸುತ್ತಾರೆ.

ಇನ್ನು ಗುಣದ ಮಾತು. ಬೆಚ್ಚಗಿನ ನೀರಿನಲ್ಲಿ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಮಂಡಿಯ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸವೆದ ಮಂಡಿಯವರಿಗೆ ಕೆಲಕಾಲ ನೋವು ತಗ್ಗುವುದು ಇದರಿಂದಲೇ. ಆದರೆ ಸವೆದ ಕೀಲು ಮೊದಲಿನಂತಾಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಗುಣವಾಗುವುದಿಲ್ಲ. "ಬುಗ್ಗೆಗೆ ಹೋಗಿ ಬಂದೆವು, ಇನ್ನು ಮಾತ್ರೆ ಏಕೆ?" ಎಂದು ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ.

ನಮಗೆ ಹೆಚ್ಚು ಚಿಂತೆ ಇರುವುದು ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ. ಬಹಳ ವರ್ಷ ಕಾಯಿಲೆ ಇದ್ದವರಿಗೆ ಪಾದದ ನರ ಮಂದವಾಗಿ ಬಿಸಿ ತಿಳಿಯುವುದಿಲ್ಲ. 50 ಡಿಗ್ರಿಯ ನೀರು ಕೆಲವು ನಿಮಿಷಗಳಲ್ಲಿ ಚರ್ಮ ಸುಡುತ್ತದೆ, 60 ಡಿಗ್ರಿಯದಕ್ಕೆ ಕೆಲವು ಸೆಕೆಂಡು ಸಾಕು. ಅವರು ಹಾಯಾಗಿ ಕುಳಿತಿರುತ್ತಾರೆ. ಸಂಜೆ ಬೊಬ್ಬೆ ಎದ್ದಾಗಲೇ ಗೊತ್ತಾಗುವುದು. ಆ ಗಾಯ ಮಾಯದೆ ಕೊಳೆತು ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿಯೂ ಬರಬಹುದು. ಕುಷ್ಠರೋಗದಿಂದ ಸ್ಪರ್ಶ ಹೋದವರಿಗೂ ಇದೇ ಅಪಾಯ. ಇದಕ್ಕೆ ಪುತ್ತೂರಿನವರೆಗೆ ಹೋಗಬೇಕಿಲ್ಲ, ಮನೆಯ ಬಚ್ಚಲಿನ ಹಂಡೆಯ ನೀರೇ ಸಾಕು! ಆದುದರಿಂದ ನೀರಿನ ಹದವನ್ನು ಮನೆಯವರು ಯಾರಾದರೂ ತಮ್ಮ ಮೊಣಕೈಯಿಂದ ನೋಡಿ ಹೇಳಲಿ. ರೋಗಿ ಕಾಲಿಟ್ಟು ನೋಡುವುದು ಬೇಡ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಇಳಿದರೆ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು.

ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಕೊಳದಿಂದ ಮೇಲೇಳುವಾಗ ತಲೆ ತಿರುಗುತ್ತದೆ. ಶಾಖಕ್ಕೆ ರಕ್ತನಾಳಗಳು ಹಿಗ್ಗಿ ಒತ್ತಡ ಕುಸಿಯುವುದೇ ಕಾರಣ. ಪಾವಟಿಗೆ ಜಾರುತ್ತದೆ, ಒಬ್ಬರು ಕೈ ಹಿಡಿದುಕೊಳ್ಳಲಿ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಬದರಿಯ ತಪ್ತಕುಂಡಕ್ಕೆ ಹೋಗುವ ಯಾತ್ರಿಕರಿಗೆ ಇದು ಇನ್ನೂ ಮುಖ್ಯ. ಅದು ಮೂರು ಸಾವಿರ ಮೀಟರಿಗೂ ಎತ್ತರದ ಜಾಗ, ಉಸಿರಾಟವೇ ಕಷ್ಟ. ಗಾಯ, ಹುಣ್ಣು, ಜ್ವರ ಇದ್ದವರು ಎಲ್ಲಿಯೂ ಕೊಳಕ್ಕೆ ಇಳಿಯುವುದು ಬೇಡ.

ಇನ್ನೊಂದು ಸಂಗತಿ. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಅದರಿಂದ ರೋಗ ಬರುವುದಿಲ್ಲ, ಮೂಗಿನೊಳಗೆ ನೀರು ಏರಿದರೆ ಮಿದುಳಿಗೆ ಹೋಗುತ್ತದೆ. ಇದು ಅಪರೂಪ, ಆದರೆ ಬಂದವರಲ್ಲಿ ಬದುಕುವವರು ಕಡಿಮೆ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದ ಮಿದುಳುಜ್ವರದಿಂದ ಸಾವುಗಳಾದವು. ತೀರ್ಥವೆಂದು ಮೂರು ಬಾರಿ ಮುಳುಗುವ ಪದ್ಧತಿಯುಳ್ಳವರು ತಲೆ ಮುಳುಗಿಸದೆ, ಕುತ್ತಿಗೆಯ ಕೆಳಗಷ್ಟೇ ನೆನೆದರೆ ಸಾಕು. ಮುಳುಗಿ ಬಂದ ಹನ್ನೆರಡು ದಿನಗಳೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಕೊಳದಲ್ಲಿ ಸ್ನಾನ ಮಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಹೊಲದ ಕೆಲಸ ಬಿಟ್ಟು ಹೋಗಲಾಗದವರು ಬೇಸರಪಡಬೇಕಾಗಿಲ್ಲ. ಮೈ ಬಿಸಿಗಿಂತ ತುಸು ಹೆಚ್ಚು, 38ರಿಂದ 40 ಡಿಗ್ರಿಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ದಿನಕ್ಕೆರಡು ಬಾರಿ ಹದಿನೈದು ನಿಮಿಷ ಮಂಡಿಗೆ ಶಾಖ ಕೊಡಿ. ಅನಂತರ ವ್ಯಾಯಾಮ ಚಿಕಿತ್ಸಕರು ತೋರಿಸಿಕೊಟ್ಟಂತೆ ಕಾಲು ಚಾಚಿ ಮಡಿಸಿ. ಮಂಡಿ ಊದಿ ಕೆಂಪಾಗಿದ್ದರೆ ಮಾತ್ರ ಶಾಖ ಬೇಡ, ಮೊದಲು ತೋರಿಸಿ.