ಬೆತ್ತ ಬೇಕೋ, ಬಿಗಿ ಬೇಕೋ? ಯಲವಿಗಿ ಕಟ್ಟೆಯ ಮೇಲಿನ ಹಳೇ ತಕರಾರು

ಯಲವಿಗಿ : ಪರೀಕ್ಷೆ ಹತ್ತಿರ ಬಂತೆಂದರೆ ಸಾಕು, ಚಹದಂಗಡಿ, ಕಿರಾಣಿ ಅಂಗಡಿ, ಬಸ್ಸಿನ ಹಾದಿ ಕಾಯುವ ಕಟ್ಟೆ, ಎಲ್ಲಿ ನಿಂತರೂ ಒಂದೇ ತಕರಾರು. "ನಾಕ ಏಟು ಬಿದ್ರನ ಹುಡುಗ್ರು ಹಾದಿಗೆ ಬರ್ತಾವ್ರೀ" ಎನ್ನುವವರದು ಒಂದು ಪಾರ್ಟಿ. "ಬಡದ ಬಡದ ಹುಡುಗನ್ನ ಮಳ್ಳ ಮಾಡಿ ಇಟ್ಟಾರ" ಎನ್ನುವವರದು ಇನ್ನೊಂದು ಪಾರ್ಟಿ. ಚಹ ಮುಗಿಯುತ್ತದೆ, ಗಾಡಿ ಬರುತ್ತದೆ, ತಕರಾರು ಮಾತ್ರ ಮುಗಿಯುವುದಿಲ್ಲ.

ಮೊದಲನೇ ಪಾರ್ಟಿಯವರ ಕೈಯಲ್ಲಿ ಗಾದೆಗಳಿವೆ. ದಂಡಂ ದಶಗುಣಂ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇವರ ಚಿಂತೆ ಸುಳ್ಳಲ್ಲ. ಹತ್ತಿ, ಮೆಣಸಿನಕಾಯಿ, ಶೇಂಗಾ ನಂಬಿದ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಅಂಗಡಿಯ ಉದ್ರಿ ಪುಸ್ತಕ ದಪ್ಪಗಾಗುತ್ತದೆ, ಗಲ್ಲಾಪೆಟ್ಟಿಗೆ ತೆಳ್ಳಗಾಗುತ್ತದೆ. ಮಗನೋ ಮಗಳೋ ಕಲಿತು ಒಂದು ನೌಕರಿ ಹಿಡಿದರೆ ಮನೆ ದಡ ಸೇರಿದಂತೆ. ಆ ಅಂಜಿಕೆಯೇ ಬಹಳ ಸಲ ತಂದೆಯ ಕೈಯಲ್ಲಿ ಬೆತ್ತವಾಗಿ ಬರುತ್ತದೆ.

ಪ್ರಶ್ನೆ ಇಷ್ಟೇ. ಬೆತ್ತದಿಂದ ಬರುವುದು ವಿದ್ಯೆಯೋ, ಬರೀ ಹೆದರಿಕೆಯೋ?

ಇದೇ ಹಳಿಯ ಮೇಲೊಂದು ಸಾಕ್ಷಿ

ಇದಕ್ಕೆ ಸಾಕ್ಷಿ ಹುಡುಕಿಕೊಂಡು ಕಾಶಿಗೆ ಹೋಗಬೇಕಾಗಿಲ್ಲ. ಸವಣೂರಿನವರೂ ಲಕ್ಷ್ಮೇಶ್ವರದವರೂ ಗಾಡಿ ಹತ್ತಲು ಬರುವ ಯಲವಿಗಿ ನಿಲ್ದಾಣದಿಂದ ಹುಬ್ಬಳ್ಳಿ ಕಡೆಗೆ ಹೊರಟರೆ, ಹಾದಿಯಲ್ಲಿ ಕುಂದಗೋಳ ಬರುತ್ತದೆ. ಸವಾಯಿ ಗಂಧರ್ವರ ಊರು. ಒಬ್ಬ ಓಡಿಹೋದ ಹುಡುಗ ಕೊನೆಗೆ ಬಂದು ನೆಲೆ ನಿಂತದ್ದು ಇಲ್ಲೇ.

ಆ ಹುಡುಗ ಭೀಮಸೇನ ಜೋಶಿ. ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ಈಗಿನ ಗದಗ ಜಿಲ್ಲೆಯ ರೋಣದಲ್ಲಿ. ತಂದೆ ಗುರುರಾಜ ಜೋಶಿ ಸಾಲಿ ಮಾಸ್ತರರು. ಮನೆ ತುಂಬ ಮಕ್ಕಳು. ಭೀಮಸೇನನೇ ಹಿರಿಯ. ಭಜನೆ ಹೊರಟರೆ ಅದರ ಬೆನ್ನು ಹತ್ತುವನು, ಬ್ಯಾಂಡು ಬಂದರೆ ಅದರ ಹಿಂದೆ ಹೋಗುವನು, ದಣಿದಲ್ಲೇ ಮಲಗಿಬಿಡುವನು. ಹುಡುಕಿ ಹುಡುಕಿ ಸಾಕಾದ ತಂದೆ, ಸಿಕ್ಕವರು ಮನೆಗೆ ತಂದು ಬಿಡಲಿ ಎಂದು ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು ಎಂಬ ಕಥೆ ಈ ಭಾಗದ ಹಿರಿಯರ ಬಾಯಲ್ಲಿ ಇಂದಿಗೂ ಇದೆ.

ಮಾಸ್ತರರ ಮನೆಯಲ್ಲಿ ಓದು ಮುಖ್ಯ, ಹಾಡು ಆಮೇಲೆ. ಹುಡುಗನ ತಲೆಯಲ್ಲಿ ಲೆಕ್ಕ ತಿರುವು ಮುರುವು. ಅಬ್ದುಲ್ ಕರೀಂ ಖಾನರ ತಟ್ಟೆ ಹಾಡು ಕೇಳಿದ ಮೇಲೆ ಅವನಿಗೆ ಬೇರೆ ಏನೂ ಬೇಡವಾಯಿತು. 1933ರಲ್ಲಿ, 11ನೇ ವಯಸ್ಸಿಗೆ, ಮನೆ ಬಿಟ್ಟ. ಊಟದ ಎಲೆಯ ಮುಂದೆ ತುಪ್ಪಕ್ಕಾಗಿ ಆದ ಜಗಳವೇ ನೆಪ ಎನ್ನುತ್ತಾರೆ. ಕಿಸೆಯಲ್ಲಿ ಕಾಸಿಲ್ಲ, ಟಿಕೀಟಿಲ್ಲ. ಗಾಡಿಯಲ್ಲಿ ಹಾಡುತ್ತ, ಹಾಡು ಕೇಳಿದವರು ಕೊಟ್ಟದ್ದನ್ನು ತಿನ್ನುತ್ತ ಗ್ವಾಲಿಯರ್ ಮುಟ್ಟಿದ. ಅಲ್ಲಿಂದ ಊರೂರು ಅಲೆದು ಪಂಜಾಬದ ಜಲಂಧರ ಸೇರಿದ. "ಗುರುವನ್ನು ಹುಡುಕಿ ಇಷ್ಟು ದೂರ ಯಾಕೆ ಬಂದೆ? ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ" ಎಂಬ ಅರ್ಥದ ಬುದ್ಧಿ ಹೇಳಿದವರು ಗಾಯಕ ವಿನಾಯಕರಾವ್ ಪಟವರ್ಧನರು.

ಮುಂದಿನ ಮಾತು ಪಾಲಕರು ಕಿವಿಗೊಟ್ಟು ಕೇಳಬೇಕಾದದ್ದು. ತಂದೆ ಜಲಂಧರದ ತನಕ ಮಗನ ಜಾಡು ಹಿಡಿದು ಹೋಗಿ ಮನೆಗೆ ಕರೆತಂದರು. ಆಮೇಲೆ ಅವನನ್ನು ಮನೆಯಲ್ಲಿ ಕೂಡಿಹಾಕಲಿಲ್ಲ. 1936ರಲ್ಲಿ ಹುಡುಗ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದ. ಮಾಸ್ತರರು ಹಟ ಬಿಟ್ಟರು, ಮಗನ ಕೈ ಬಿಡಲಿಲ್ಲ.

ಬಿಗಿ ಇತ್ತು, ಹಗೆ ಇರಲಿಲ್ಲ

"ಹಂಗಾರ ಶಿಸ್ತು ಬ್ಯಾಡೇನ್ರೀ?" ಎಂದು ಮೊದಲನೇ ಪಾರ್ಟಿ ಕೇಳಬಹುದು. ಯಾರು ಹೇಳಿದರು ಬೇಡವೆಂದು? ಕುಂದಗೋಳದ ಗುರುಮನೆಯಲ್ಲಿ ಸಡಿಲು ಎಂಬ ಶಬ್ದವೇ ಇರಲಿಲ್ಲ. ಶಿಷ್ಯ ನೀರು ಹೊರಬೇಕು, ಮನೆಗೆಲಸ ಮಾಡಬೇಕು, ಪಾಠಕ್ಕೆ ಕಾಯಬೇಕು. ಪಾಠ ಶುರುವಾದ ಮೇಲೆ ತಾಸುಗಟ್ಟಲೆ ತಾಲೀಮು.

ಅದೇ ಗುರುವಿನ ಬಳಿ ಗಂಗೂಬಾಯಿ ಹಾನಗಲ್ಲರೂ ಕಲಿತರು. ಅವರು ಹುಬ್ಬಳ್ಳಿಯಿಂದ ಗಾಡಿ ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿಕೊಂಡು ಮರಳುತ್ತಿದ್ದರು. ಒಂದು ಸ್ವರದ ಜೋಡಣೆ ಸರಿ ಕೂಡುವ ತನಕ ಗುರು ಮುಂದಿನದಕ್ಕೆ ಕೈ ಹಚ್ಚುತ್ತಿರಲಿಲ್ಲ. ಗಂಗೂಬಾಯಿ ಸಾಲಿ ಕಲಿತದ್ದು ಕಡಿಮೆ. ಆದರೆ 2002ರಲ್ಲಿ ಪದ್ಮವಿಭೂಷಣ ಅವರ ಮನೆ ಹುಡುಕಿಕೊಂಡು ಬಂತು. ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರದು ಇನ್ನೊಂದು ನಮೂನೆಯ ಬಿಗಿ. ಅವರು ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯುತ್ತಾಳೆ, ತನ್ನ ಹಾಡಿನ ಛಾಯೆ ಅವಳ ಹಾಡಿನ ಮೇಲೆ ಬೀಳಬಾರದು ಎಂದು ತಾವೇ ಹಾಡುವುದನ್ನು ನಿಲ್ಲಿಸಿದರು. ಮಗಳಿಗೆ ನಿಯಮ ಹೇಳುವ ಮೊದಲು ತಮಗೇ ಒಂದು ನಿಯಮ ಹಾಕಿಕೊಂಡರು. ಮಗನಿಗೆ "ಓದಲೇ" ಎಂದು ಗದರಿ, ತಾನು ಮಧ್ಯರಾತ್ರಿ ತನಕ ಮೊಬೈಲ್ ತಿಕ್ಕುವ ಅಪ್ಪಂದಿರು ಇದನ್ನೊಂದಿಷ್ಟು ವಿಚಾರ ಮಾಡಬೇಕು.

ಕುಂದಗೋಳದ ಬಿಗಿ ಕೆಲಸದ ಮೇಲಿತ್ತು, ಹುಡುಗನ ಮಾನದ ಮೇಲಲ್ಲ. ಆ ಬಿಗಿಯನ್ನು ಶಿಷ್ಯ ತಾನಾಗಿ ಬೇಡಿ ಬಂದಿದ್ದ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ, ಅಂದರೆ 1953ರಲ್ಲಿ, ಪುಣೆಯಲ್ಲಿ ಅವರ ನೆನಪಿಗೆ ಸಂಗೀತೋತ್ಸವ ಶುರುವಾಯಿತು. ಅದರ ಹಿಂದೆ ನಿಂತವರು ಭೀಮಸೇನ ಜೋಶಿಯವರೇ. ಹಗೆಯಿಂದ ಬಡಿದವನ ಹೆಸರಿನಲ್ಲಿ ಯಾರೂ ಉತ್ಸವ ಮಾಡುವುದಿಲ್ಲ.

ಎಲ್ಲರೂ ಭೀಮಸೇನರಾಗುವುದಿಲ್ಲ

ಇಲ್ಲೊಂದು ಎಚ್ಚರಿಕೆ. ಓಡಿಹೋದವನೊಬ್ಬ ಭಾರತರತ್ನನಾದ ಎಂದರೆ ಓಡಿಹೋದವರೆಲ್ಲ ಉದ್ಧಾರವಾದರು ಎಂದಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಮಲಗಿ, ಹೋಟೆಲಿನಲ್ಲಿ ಲೋಟ ತೊಳೆದು ಕಳೆದುಹೋದ ಹುಡುಗರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ಈ ಮಾತು ಕಟ್ಟೆಯ ವಾದಕ್ಕೂ ಹತ್ತುತ್ತದೆ. "ನಮಗೂ ಬಿದ್ದಾವ್ರೀ ಏಟು, ನಾವೇನು ಹಾಳಾಗೇವೇನು?" ಎನ್ನುವವರು ಗಟ್ಟಿಯಾಗಿ ನಿಂತವರು. ಏಟಿಗೆ ಸಾಲಿ ಬಿಟ್ಟವನು, ಮನೆ ಬಿಟ್ಟವನು, ಇಂದಿಗೂ ಅಪ್ಪನ ಮುಂದೆ ಬಾಯಿ ಬಿಡದವನು ಆ ಕಟ್ಟೆಗೆ ಬಂದು ವಾದ ಮಾಡುವುದಿಲ್ಲ. ಗೆದ್ದವರ ಸಾಕ್ಷಿಯನ್ನಷ್ಟೇ ಕೇಳಿ ಪಂಚಾಯಿತಿ ಮುಗಿಸಿದರೆ ಅದು ನ್ಯಾಯವಲ್ಲ.

ಎರಡೂ ಕಡೆಯವರ ಲೆಕ್ಕ ಹಿಡಿದು ನೋಡಿದ ಪಂಡಿತರು ಏನು ಹೇಳುತ್ತಾರೆ? ಅಮೆರಿಕದ ಡಯಾನಾ ಬಾಮ್‌ರಿಂಡ್ ಎಂಬಾಕೆ 1960ರ ದಶಕದಲ್ಲೇ ಪಾಲಕರನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೇಳಿದ್ದೇ ಕಾಯಿದೆ ಎನ್ನುವವರು, ಏನಾದರೂ ಮಾಡಿಕೋ ಎಂದು ಬಿಟ್ಟವರು, ನಿಯಮವನ್ನೂ ಹಾಕಿ ಅದರ ಕಾರಣವನ್ನೂ ಹೇಳಿ ಮಗುವಿನ ಮಾತನ್ನೂ ಕೇಳುವವರು. ಮೂರನೆಯವರ ಮಕ್ಕಳೇ ಹೆಚ್ಚು ಸ್ವಂತ ಬಲದ ಮೇಲೆ ನಿಲ್ಲುತ್ತಾರೆ ಎಂದು ಕಂಡುಬಂತು.

2011ರಲ್ಲಿ ಏಮಿ ಚುವಾ ಎಂಬ ತಾಯಿ ತಾನು ಮಕ್ಕಳನ್ನು ಹುಲಿಯ ಹಾಗೆ ಬೆಳೆಸಿದ ಕಥೆ ಬರೆದು ಜಗತ್ತಿನ ತುಂಬ ಗದ್ದಲ ಎಬ್ಬಿಸಿದರು. ಆದರೆ ಅಮೆರಿಕದಲ್ಲಿ ನೆಲೆಸಿದ 444 ಚೀನೀ ಮನೆತನಗಳನ್ನು 8 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಹೊರಬಿತ್ತು. ಹುಲಿ ತಾಯಂದಿರ ಮಕ್ಕಳಿಗಿಂತ ಆಸರೆ ಕೊಡುವ ತಾಯಂದಿರ ಮಕ್ಕಳಿಗೇ ಮಾರ್ಕು ಹೆಚ್ಚು, ಮನಸ್ಸಿನ ಕುಗ್ಗು ಕಡಿಮೆ ಎಂದು ಅದು ಹೇಳಿತು. ಏಟಿನ ಮೇಲೆ 50 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಒಟ್ಟು ಹಾಕಿ, 1,60,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿದ 2016ರ ವರದಿಯದೂ ಇದೇ ಧಾಟಿ. ಏಟು ತಿಂದ ಮಕ್ಕಳಲ್ಲಿ ಸಿಟ್ಟು, ಹಟ, ಮನಸ್ಸಿನ ತೊಂದರೆ ಹೆಚ್ಚಾಗಿ ಕಂಡಿತೇ ವಿನಾ ಒಳ್ಳೆಯ ನಡತೆ ಹೆಚ್ಚಿದ್ದು ಕಾಣಲಿಲ್ಲ.

ಇದು ಅಂಗಡಿಕಾರರಿಗೆ ತಿಳಿಯದ ಲೆಕ್ಕವೇನಲ್ಲ. ಗದರಿಸಿ ಇಟ್ಟುಕೊಂಡ ಆಳು ಮಾಲಕ ಇದ್ದಾಗ ದುಡಿಯುತ್ತಾನೆ, ಬೆನ್ನು ತಿರುಗಿದರೆ ಕೂಡುತ್ತಾನೆ. ನಂಬಿಕೆ ಇಟ್ಟವನು ಅಂಗಡಿಯನ್ನು ತನ್ನದೆಂದು ನೋಡುತ್ತಾನೆ. ಹೆದರಿಕೆಗೆ ಓದುವ ಹುಡುಗನೂ ಅಷ್ಟೇ. ಅಪ್ಪನ ಚಪ್ಪಲಿ ಸಪ್ಪಳ ಕೇಳಿದರೆ ಪುಸ್ತಕ ತೆರೆಯುತ್ತಾನೆ, ಮಾರ್ಕು ಕಡಿಮೆ ಬಿದ್ದರೆ ಕಾಗದ ಬಚ್ಚಿಡುತ್ತಾನೆ. ಕಾಲೇಜಿಗೆಂದು ದೊಡ್ಡ ಊರು ಸೇರಿದ ಮೇಲೆ ಅಲ್ಲಿ ಚಪ್ಪಲಿ ಸಪ್ಪಳ ಇರುವುದಿಲ್ಲ.

ಕಾಯಿದೆಯೂ ಇದೆ, ಹಾದಿಯೂ ಇದೆ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಸಾಲಿಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. "ನಮ್ಮ ಹುಡುಗನ್ನ ಚರ್ಮ ಸುಲೀರಿ, ಮಾಸ್ತರ" ಎಂದು ಬಿಟ್ಟುಬರುವ ಕಾಲ ಹೋಯಿತು. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನ ಪ್ರಕಾರ ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಕ್ರೌರ್ಯ ಎಸಗಿದರೆ 3 ವರ್ಷದ ತನಕ ಸಜೆ ಆಗಬಹುದು.

ಕಾಯಿದೆಗೆ ಹೆದರಿ ಕೈ ಇಳಿಸುವುದಕ್ಕಿಂತ ತಿಳಿದು ಇಳಿಸುವುದು ಮೇಲು. ಮನೆಗೆ ನಾಲ್ಕೇ ನಿಯಮ ಇರಲಿ, ಆದರೆ ದಿನಾ ಬದಲಾಗದಿರಲಿ. ಓದುವ ಹೊತ್ತು, ಆಡುವ ಹೊತ್ತು, ಮಲಗುವ ಹೊತ್ತು ಗೊತ್ತಾಗಿರಲಿ. ತಪ್ಪಿದರೆ ಆ ದಿನದ ಮೊಬೈಲು ಬಂದ್, ಅಥವಾ ಆಟ ಬಂದ್. ನಾಲ್ಕು ಮಂದಿಯ ಮುಂದೆ ಮರ್ಯಾದೆ ಕಳೆಯುವುದು ಬೇಡ, ಬಾಜೂ ಮನೆಯವರ ಮಗನ ಜೋಡಿ ತೂಗುವುದು ಬೇಡ. ಫಲಿತಾಂಶದ ದಿನ ಮೊದಲು ಉಣ್ಣಲು ಹಾಕಿ, ಆಮೇಲೆ ಮಾರ್ಕು ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದರೆ ಬಾಳು ಮುಗಿಯಲಿಲ್ಲ. 2024ರಲ್ಲಿ ಒಂದೇ ವರ್ಷದಲ್ಲಿ 3 ಪರೀಕ್ಷೆ ನಡೆಸುವ ಪದ್ಧತಿಯೇ ಬಂತು.

ಹುಡುಗ ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ ಅದನ್ನು ಸೊಕ್ಕು ಎಂದು ತಿಳಿಯಬಾರದು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡೂ ಪುಕ್ಕಟೆ. ಈ ಎರಡು ನಂಬರುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಬರೆದು ಅಂಟಿಸಿದರೆ ಅಂಗಡಿಗೆ ಬಂದ ಗಿರಾಕಿಗೂ ಉಪಯೋಗವಾದೀತು.

ಗಿಡವನ್ನು ಬಗ್ಗಿಸಬೇಕು ನಿಜ. ಆದರೆ ಬಗ್ಗಿಸುವುದಕ್ಕೂ ಮುರಿಯುವುದಕ್ಕೂ ಇರುವ ಅಂತರ ಹೊಲದಲ್ಲಿ ದುಡಿದ ಯಲವಿಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ತಿಳಿದದ್ದು ಮನೆಯ ಹೊಸ್ತಿಲೊಳಗೂ ತಿಳಿದರೆ ಸಾಕು.