ತಾನೇ ಮುಚ್ಚಿಕೊಳ್ಳುವ ನೀರಿನ ವಾಲ್ವು: ಅದನ್ನು ಆರಿಸುವ ಬಗೆ

ನಿಪ್ಪಾಣಿ ತಾಲೂಕಿನ ಅಕ್ಕೋಳ ಗ್ರಾಮವು ವೇದಗಂಗಾ ನದಿಯ ದಂಡೆಯ ಊರು. ಪೂರ್ವದಲ್ಲಿ ಮನೆಯ ಹೆಣ್ಣುಮಕ್ಕಳು ಹೊಳೆಯಿಂದಲೋ ಬಾವಿಯಿಂದಲೋ ಕೊಡ ಹೊತ್ತು ನೀರು ತರುತ್ತಿದ್ದಾಗ ನೀರನ್ನು ನಿಲ್ಲಿಸುವ ವಿಚಾರವೇ ಇರಲಿಲ್ಲ. ಕೊಡ ತುಂಬಿತೆಂದರೆ ಕೆಲಸ ತೀರಿತು. ಈಗ ಮನೆಗೆ ನಳವೂ ಹೊಲಕ್ಕೆ ಪಂಪೂ ಬಂದಿರುವದರಿಂದ ನೀರು ತಾನಾಗಿ ಬರುತ್ತದೆ. ಅದನ್ನು ನಿಲ್ಲಿಸುವ ಕೆಲಸವು ಮಾತ್ರ ಮನುಷ್ಯನ ನೆನಪಿನ ಮೇಲೆ ಉಳಿದಿದೆ. ನೆನಪು ತಪ್ಪಿದಲ್ಲಿ ಟಾಕಿ ತುಂಬಿ ಹರಿಯುವದು, ಪೈಪು ಒಡೆದಲ್ಲಿ ಗೋಡೆ ನೆನೆಯುವದು. ಇದಕ್ಕೆ ಪರಿಹಾರವಾಗಿ, ತಾನೇ ಮುಚ್ಚಿಕೊಳ್ಳುವ ಮತ್ತು ಫೋನಿನಿಂದಲೂ ಮುಚ್ಚಬಹುದಾದ ವಾಲ್ವುಗಳು ಪೇಟೆಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ಯಾವದನ್ನು ಎಲ್ಲಿ ಕೂಡ್ರಿಸಬೇಕೆಂಬದನ್ನು ಗ್ರಾಮದ ಹಿರಿಯರೂ ಭೂಮಾಲೀಕರೂ ಹಣ ಕೊಡುವ ಮೊದಲೇ ತಿಳಿದುಕೊಳ್ಳುವದು ಹಿತಕರವು.

ಹಾನಿಯ ಲೆಕ್ಕ

ನಿಮಿಷಕ್ಕೆ ೧೦ ಲೀಟರ್ ಬೀಳುವ ಒಂದು ನಳವು ರಾತ್ರಿ ೮ ತಾಸು ತೆರೆದೇ ಉಳಿದರೆ ೪,೮೦೦ ಲೀಟರ್ ನೀರು ಹಾಳಾಗುತ್ತದೆ. ೨೦೧೯ನೆಯ ಇಸವಿಯ ಆಗಸ್ಟ್ ೧೫ರಂದು ಸಾರಲ್ಪಟ್ಟ ಜಲಜೀವನ ಮಿಷನ್ ಯೋಜನೆಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರ್ ಎಂದು ಲೆಕ್ಕ ಹಿಡಿಯಲಾಗಿದೆ. ಅಂದರೆ ಒಂದು ಮನೆಯ ಒಂದು ರಾತ್ರಿಯ ಮರೆವು ೮೭ ಜನರ ಒಂದು ದಿನದ ನೀರನ್ನು ನುಂಗಿತೆಂದಾಯಿತು. ತಗ್ಗಿನ ಓಣಿಯಲ್ಲಿ ಹೀಗೆ ನೀರು ಹರಿದುಹೋದಾಗ ಎತ್ತರದ ಓಣಿಯವರ ಕೊಡಗಳು ಬರಿದಾಗಿಯೇ ಉಳಿಯುವವು. ನೀರಿನ ಸಲುವಾಗಿ ಏಳುವ ಜಗಳಗಳ ಮೂಲವು ಅನೇಕ ಸಲ ನೀರಿನ ಕೊರತೆಯಲ್ಲ, ಮುಚ್ಚದೆ ಉಳಿದ ನಳವೇ ಆಗಿರುತ್ತದೆ.

ನೀರೇ ನಡೆಯಿಸುವ ಬಾಗಿಲು

ತಾನೇ ಕೆಲಸಮಾಡುವ ಬಾಗಿಲು ನಮ್ಮವರಿಗೆ ಹೊಸದಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೌಕರಿಯಲ್ಲಿದ್ದಾಗ ತಾವೇ ರಚಿಸಿದ ಸ್ವಯಂಚಾಲಿತ ಬಾಗಿಲುಗಳು ೧೯೦೩ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದಲ್ಲಿ ಕೂಡ್ರಿಸಲ್ಪಟ್ಟವು. ಅಲ್ಲಿ ಏರಿದ ನೀರೇ ಬಾಗಿಲನ್ನು ತೆರೆಯುತ್ತಿತ್ತು, ಇಳಿದ ನೀರೇ ಅದನ್ನು ಮುಚ್ಚುತ್ತಿತ್ತು. ಇದರಿಂದ ಕಲಿಯತಕ್ಕ ಪಾಠವೊಂದಿದೆ. ತಾನೇ ನಡೆಯುವ ಯಾವ ವಾಲ್ವನ್ನಾದರೂ ಕೊಳ್ಳುವಾಗ, ಅದನ್ನು ಮುಚ್ಚುವ ಬಲವು ಎಲ್ಲಿಂದ ಬರುತ್ತದೆ, ಆ ಬಲವು ಅಪಾಯದ ವೇಳೆಯಲ್ಲಿ ಇರುವದೋ ಇಲ್ಲವೋ ಎಂದು ಮೊದಲು ಕೇಳಬೇಕು.

ಮನೆಗೆ ಮೂರು ಬಗೆ

ಮೊದಲನೆಯದು ಬಾಲ್ ಕಾಕ್. ಟಾಕಿಯೊಳಗಿನ ತೇಲುಗುಂಡು ನೀರಿನೊಡನೆ ಏರಿ ನಳದ ಬಾಯಿಯನ್ನು ಮುಚ್ಚುತ್ತದೆ. ಇದಕ್ಕೆ ಕರೆಂಟ್ ಬೇಡ, ಬೆಲೆಯೂ ಸ್ವಲ್ಪವೇ. ಪಂಚಾಯತಿಯ ಸರಬರಾಯಿಯಿಂದ ನೇರವಾಗಿ ತುಂಬುವ ಟಾಕಿಗೂ ದನಗಳ ನೀರಿನ ತೊಟ್ಟಿಗೂ ಇದಕ್ಕಿಂತ ಮೇಲಾದುದಿಲ್ಲ. ಆದರೆ ಟಾಕಿಯ ಆಚೆಗೆ ಪೈಪು ಒಡೆದರೆ ಇದಕ್ಕೆ ತಿಳಿಯುವದಿಲ್ಲ. ಟಾಕಿ ಇಳಿದಂತೆ ಮತ್ತೆ ಮತ್ತೆ ನೀರು ಬಿಡುತ್ತಲೇ ಇರುತ್ತದೆ.

ಎರಡನೆಯದು ಸೊಲೆನಾಯ್ಡ್ ವಾಲ್ವು. ಇದು ವಿದ್ಯುತ್ತಿನ ಅಯಸ್ಕಾಂತದಿಂದ ನಡೆಯುತ್ತದೆ ಮತ್ತು ಬಹು ಬೇಗನೆ ಮುಚ್ಚುತ್ತದೆ. ಇದರ ಸಾಮಾನ್ಯ ಬಗೆಯಲ್ಲಿ ಸಣ್ಣ ರಂಧ್ರದ ಮೂಲಕ ನೀರಿನ ಒತ್ತಡವೇ ರಬ್ಬರಿನ ಪರದೆಯನ್ನು ಒತ್ತಬೇಕಾಗುವದರಿಂದ, ಒತ್ತಡ ಕಡಿಮೆಯಿದ್ದಲ್ಲಿ ಇದು ಸರಿಯಾಗಿ ನಡೆಯುವದಿಲ್ಲ. ೧೦ ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋಗ್ರಾಮ್ ಒತ್ತಡ ಕೊಡುವದು. ಮಾಳಿಗೆಯ ಮೇಲಿನ ೩ ಮೀಟರ್ ಎತ್ತರದ ಟಾಕಿಯು ಅದರ ಮೂರನೆಯ ಒಂದು ಪಾಲಿಗಿಂತ ಕಡಿಮೆ ಕೊಡುವದು. ಮೇಲಾಗಿ ಮಳೆಗಾಲದ ಹೊಳೆಯ ನೀರಿನ ಕೆಸರು ಆ ರಂಧ್ರವನ್ನು ಕಟ್ಟಿಬಿಡುವ ಭಯವುಂಟು.

ಮೂರನೆಯದು ಸಣ್ಣ ಮೋಟಾರು ತಿರುಗಿಸುವ ಬಾಲ್ ವಾಲ್ವು. ಇದು ಮುಚ್ಚುವದಕ್ಕೆ ಕೆಲವು ಸೆಕೆಂಡುಗಳನ್ನು ತಕ್ಕೊಳ್ಳುತ್ತದೆ. ಅದು ದೋಷವಲ್ಲ, ಗುಣವು. ಹರಿಯುವ ನೀರನ್ನು ಒಮ್ಮೆಲೇ ತಡೆದರೆ ಪೈಪಿಗೆ ಏಟು ಬಿದ್ದು ಜೋಡಣೆಗಳು ಸಡಿಲಾಗುವವು. ಒತ್ತಡ ಕಡಿಮೆಯಿದ್ದರೂ ಇದು ನಡೆಯುವದು, ಕೆಸರಿಗೂ ಅಷ್ಟಾಗಿ ಕಟ್ಟುವದಿಲ್ಲ. ನೆಲದ ಮೇಲೆ ಇಡುವ ಸೆನ್ಸರಿಗೆ ತೇವ ತಗಲಿದೊಡನೆ ಇದು ಮುಚ್ಚುವಂತೆ ಜೋಡಿಸಬಹುದು. ಆದರೆ ಕರೆಂಟ್ ಹೋದಾಗ ಇದು ಇದ್ದಲ್ಲಿಯೇ ನಿಲ್ಲುತ್ತದೆ. ಕಾರಣ ಬ್ಯಾಟರಿಯ ಆಧಾರವಿರುವದನ್ನೇ ಆರಿಸಬೇಕು.

ನಮ್ಮ ಕಡೆಯ ಮನೆಗಳಿಗೆ, ಟಾಕಿಯಲ್ಲಿ ಬಾಲ್ ಕಾಕ್ ಮತ್ತು ಟಾಕಿಯಿಂದ ಮನೆಗೆ ಇಳಿಯುವ ಮುಖ್ಯ ಪೈಪಿಗೆ ಬ್ಯಾಟರಿಯುಳ್ಳ ಮೋಟಾರಿನ ವಾಲ್ವು, ಹೀಗೆ ಎರಡೂ ಇದ್ದರೆ ಸಾಕು. ಸೆನ್ಸರು ಇಂಟರ್ನೆಟ್ ಇಲ್ಲದೆಯೂ ವಾಲ್ವನ್ನು ಮುಚ್ಚಿಸುವಂತಿರಬೇಕು. ಫೋನಿಗೆ ಬರುವ ಸುದ್ದಿಯು ಅಧಿಕ ಅನುಕೂಲವೇ ಹೊರತು ಆಧಾರವಲ್ಲ. ಮಕ್ಕಳು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದು ಫೋನನ್ನು ನೋಡಿಕೊಳ್ಳುವರಾದರೂ, ಮನೆಯಲ್ಲಿರುವ ಮುದುಕಿಯು ಕೈಯಿಂದ ತಿರುಗಿಸಿ ಮುಚ್ಚಲು ಬಾರದ ವಾಲ್ವು ಆ ಮನೆಗೆ ತಕ್ಕದ್ದಲ್ಲ. ವಾಲ್ವಿನ ಮುಂದೆ ಒಂದು ಜಾಳಿಗೆಯನ್ನೂ ಕೈವಾಲ್ವನ್ನೂ ಹಾಕಿಸಿದರೆ, ಕಸ ತೆಗೆಯುವದಕ್ಕೂ ದುರಸ್ತಿಗೂ ಸುಲಭವಾಗುವದು.

ಹೊಲದಲ್ಲಿ ನಿಲ್ಲಿಸತಕ್ಕದ್ದು ಮೋಟಾರು

ಹೊಲದ ವಿಚಾರವು ಬೇರೆ. ಪಂಪು ನಡೆಯುತ್ತಿರುವಾಗ ಅದರ ಮುಂದಿನ ವಾಲ್ವನ್ನು ಪೂರ್ಣವಾಗಿ ಮುಚ್ಚಿದರೆ ಒಳಗಿನ ನೀರು ಕಾಯ್ದು ಪಂಪು ಕೆಡುವದು, ಪೈಪಿನ ಜೋಡಣೆಯೂ ಕಳಚುವ ಸಂಭವವುಂಟು. ಆದ್ದರಿಂದ ಹೊಲದಲ್ಲಿ ಸ್ಟಾರ್ಟರಿಗೆ ಟಾಯ್ಮರ್ ಜೋಡಿಸಿ ಮೋಟಾರನ್ನೇ ನಿಲ್ಲಿಸುವದು ಸರಿಯಾದ ಮಾರ್ಗವು. ಪಂಪಿನ ಬಾಯಿಗೆ ನಾನ್-ರಿಟರ್ನ್ ವಾಲ್ವು ಇದ್ದರೆ, ನಿಂತ ಪೈಪಿನ ನೀರು ಹಿಂದಕ್ಕೆ ನುಗ್ಗುವದಿಲ್ಲ. ಹನಿ ನೀರಾವರಿಯುಳ್ಳವರಿಗೆ, ಗೊತ್ತುಪಡಿಸಿದಷ್ಟು ನೀರು ಹೋದ ಮೇಲೆ ಕರೆಂಟಿಲ್ಲದೆ ತಾನೇ ಮುಚ್ಚುವ ಅಳತೆಯ ವಾಲ್ವುಗಳೂ ಇವೆ. ಅವನ್ನು ಹಾಕಿದಲ್ಲಿಯೂ ವಾಲ್ವು ಮುಚ್ಚಿದೊಡನೆ ಮೋಟಾರು ನಿಲ್ಲುವ ಏರ್ಪಾಡು ಇರಲೇಬೇಕು.

ಇದರ ಅವಶ್ಯಕತೆಯು ಎಷ್ಟೆಂಬದಕ್ಕೆ ಲೆಕ್ಕ ನೋಡಬೇಕು. ಪಂಪಿನ ಕರೆಂಟ್ ಪಾಳಿಯಂತೆ ರಾತ್ರಿ ಬರುವದೆಂದು ಸ್ಟಾರ್ಟರನ್ನು ಆಟೋದ ಮೇಲೆ ಇಟ್ಟು ಮಲಗುವ ರೂಢಿಯುಂಟು. ಸೆಕೆಂಡಿಗೆ ೧೦ ಲೀಟರ್ ಎತ್ತುವ ಪಂಪು ೮ ತಾಸು ನಡೆದರೆ ೨,೮೮,೦೦೦ ಲೀಟರ್ ನೀರಾಯಿತು. ಅದು ಒಂದು ಎಕರೆಯ ಮೇಲೆ ಸುಮಾರು ೭೦ ಮಿಲಿಮೀಟರ್, ಅಂದರೆ ೩ ಇಂಚಿಗೆ ಸಮೀಪವಾದ ಮಳೆಗೆ ಸಮ. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವದಿಲ್ಲ. ಪದೇ ಪದೇ ಹೀಗಾದರೆ ನೆಲದಡಿಯ ನೀರು ಮೇಲಕ್ಕೇರಿ ತನ್ನೊಡನೆ ಉಪ್ಪನ್ನೂ ತರುವದು. ನೀರು ಆರಿಹೋಗಿ ಉಪ್ಪು ಮಾತ್ರ ಬಿಳಿದಾಗಿ ಉಳಿಯುವದು. ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದಲ್ಲಿ ಕಬ್ಬಿನ ಒಳ್ಳೆಯ ಹೊಲಗಳು ಸವಳು-ಜವಳಾಗಿ ಬೆಳೆಗೆ ಬಾರದಂತಾದುದು ಆ ಭಾಗದ ಒಕ್ಕಲಿಗರಿಗೆ ತಿಳಿಯದ ಸಂಗತಿಯಲ್ಲ. ಹಾಳಾದ ನೀರು ಮುಂದಿನ ಮಳೆಗೆ ಬಂದೀತು. ಸವಳಾದ ಹೊಲವು ಹಾಗೆ ಮರಳಿ ಬರುವದಿಲ್ಲ, ಅದನ್ನು ಸುಧಾರಿಸಲು ಬಸಿಗಾಲುವೆಯ ಖರ್ಚೂ ಅನೇಕ ವರ್ಷಗಳೂ ಬೇಕಾಗುವವು.

ಪರೀಕ್ಷೆ

ವಾಲ್ವನ್ನು ಕೂಡ್ರಿಸಿದ ದಿನ ಮನೆಯ ಮುಖ್ಯ ಸ್ವಿಚ್ಚನ್ನು ತೆಗೆದು, ಸೆನ್ಸರಿನ ಮೇಲೆ ಒಂದು ಬಟ್ಟಲು ನೀರು ಸುರಿದು ನೋಡಬೇಕು. ವಾಲ್ವು ಮುಚ್ಚಿ, ತೆರೆದಿಟ್ಟ ನಳದಿಂದ ಹನಿಯೂ ಬೀಳದಿದ್ದರೆ ಮಾತ್ರ ಉಳಿದ ಹಣವನ್ನು ಕೊಡಬೇಕು. ನಿಮಿಷಕ್ಕೆ ೬೦ ಹನಿ ಬಿದ್ದರೂ ದಿನಕ್ಕೆ ೪ ಲೀಟರಿಗೆ ಕಡಿಮೆಯಾಗದು. ಗಡಸು ನೀರಿನ ಸುಣ್ಣವು ಕಟ್ಟಿ ವಾಲ್ವು ಹಿಡಿದುಕೊಳ್ಳುವದರಿಂದ, ತಿಂಗಳಿಗೊಮ್ಮೆ ಅದನ್ನು ಮುಚ್ಚಿ ತೆರೆಯುವ ರೂಢಿಯನ್ನು ಇಟ್ಟುಕೊಳ್ಳಬೇಕು. ೨೦೧೯ರ ಮತ್ತು ೨೦೨೧ರ ಮಹಾಪೂರಗಳಂತೆ ಹೊಳೆಯು ಏರುವ ಸೂಚನೆಯಿದ್ದಾಗ, ದಂಡೆಯ ಮೋಟಾರಿನೊಡನೆ ಟಾಯ್ಮರಿನ ಪೆಟ್ಟಿಗೆಯನ್ನೂ ಎತ್ತಿ ತರಲು ಮರೆಯಬಾರದು.

ಗ್ರಾಮದ ಹಿರಿಯರು ಇದನ್ನು ಊರ ದನಗಳ ತೊಟ್ಟಿಯಿಂದಲೇ ಆರಂಭಿಸಿದರೆ ಉತ್ತಮವು. ಸ್ವಲ್ಪ ಬೆಲೆಯ ಒಂದು ಬಾಲ್ ಕಾಕ್ ಅಲ್ಲಿಯ ಕೆಸರನ್ನು ನಿಲ್ಲಿಸಿದ್ದನ್ನು ದಿನಾಲು ಕಣ್ಣಾರೆ ಕಂಡವರು, ತಮ್ಮ ಮನೆಗೂ ಹೊಲಕ್ಕೂ ಬೇಕಾದುದನ್ನು ತಾವಾಗಿಯೇ ಆರಿಸಿಕೊಳ್ಳುವರು.